ಬೀರುವಿನೊಳಗಿನ ಮಳೆಗಾಲ

ಆಷಾಢ ಹಿಡಿದರೆ ಶಿಕಾರಿಪುರ, ಸೊರಬದ ಕಲ್ಯಾಣ ಮಂಟಪಗಳಿಗೆ ಬೀಗ ಬೀಳುತ್ತದೆ. ಜ್ಯೇಷ್ಠದವರೆಗೂ ಇವತ್ತು ಆನವಟ್ಟಿ, ನಾಳೆ ಶಿರಾಳಕೊಪ್ಪ ಎಂದು ಓಡಾಡಿದ ಫೋಟೊಗ್ರಾಫರು ಬ್ಯಾಗಿನ ಜಿಪ್ ಎಳೆದು, ಕಬ್ಬಿಣದ ಬೀರುವಿನಲ್ಲಿಟ್ಟು, ಗದ್ದೆ ತೋಟದ ಕೆಲಸಕ್ಕೆ ಇಳಿಯುತ್ತಾರೆ. ಶ್ರಾವಣದಲ್ಲಿ ಅಲ್ಲೊಂದು ಇಲ್ಲೊಂದು ಕಾರ್ಯಕ್ರಮ, ಭಾದ್ರಪದದಲ್ಲಿ ಗಣಪತಿ, ಅದರ ಬೆನ್ನಿಗೇ ಪಿತೃಪಕ್ಷ. ಇದ್ದ ಲೆನ್ಸುಗಳೆಲ್ಲ ಒಟ್ಟಿಗೆ ಹೊರಬರುವುದು ತುಳಸಿ ಲಗ್ನ ಮುಗಿದು ಮುಹೂರ್ತಗಳು ಶುರುವಾದಾಗಲೇ. ಅಷ್ಟರಲ್ಲಿ ಆರಿದ್ರಾದಿಂದ ಹಸ್ತದವರೆಗಿನ ಮಳೆಗಳೆಲ್ಲ ಬಂದು ಹೋಗಿರುತ್ತವೆ. ಬೀರುವಿನ ಕತ್ತಲಲ್ಲಿ, ಗಾಳಿಯಾಡದ ಬ್ಯಾಗಿನಲ್ಲಿ, ಯಾರ ಕಣ್ಣಿಗೂ ಬೀಳದೆ ಲೆನ್ಸಿನೊಳಗೆ ಬೂಷ್ಟು ಬೆಳೆದಿರುತ್ತದೆ.

ಮಳೆಯಲ್ಲಿ ಕ್ಯಾಮೆರಾ ನೆನೆದೀತೆಂದು ಎಲ್ಲರೂ ಹೆದರುತ್ತಾರೆ. ಕೊಡೆ ಹಿಡಿಯುತ್ತಾರೆ, ಪ್ಲಾಸ್ಟಿಕ್ ಕವರ್ ಹೊದಿಸುತ್ತಾರೆ. ಆದರೆ ನಮ್ಮ ಕಡೆ ಕ್ಯಾಮೆರಾಕ್ಕೆ ದೊಡ್ಡ ಅಪಾಯ ಹೊರಗಿನ ಮಳೆಯಿಂದಲ್ಲ, ಒಂದು ಹನಿಯೂ ತಾಗದಂತೆ ಮನೆಯೊಳಗೆ ತಿಂಗಳುಗಟ್ಟಲೆ ಸುಮ್ಮನೆ ಇಟ್ಟಿರುವುದರಿಂದ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಾಲ ಮಾಡಿ ತಂದ ಲೆನ್ಸು ತಾಲ್ಲೂಕಿನ ಒಬ್ಬ ಫೋಟೊಗ್ರಾಫರನ ಜೀವನಾಧಾರ. ಅದು ಹಾಳಾಗುವುದನ್ನು ತಪ್ಪಿಸಲು ಬೇಕಾದ ಸಾಮಾನಿನ ಬೆಲೆ ಒಂದು ಮದುವೆಯ ಆಲ್ಬಮ್ಮಿಗಿಂತ ಬಹಳ ಕಡಿಮೆ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ಲೆನ್ಸು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಅವು ಒಳಸೇರುತ್ತಿರುತ್ತವೆ. ಜೂಮ್ ಲೆನ್ಸನ್ನು ಹಿಂದೆ ಮುಂದೆ ಎಳೆದಾಗಲೆಲ್ಲ ಅದು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಗಾಜನ್ನು ತಿಂದು ಬೂಷ್ಟು ಬದುಕುವುದಿಲ್ಲ. ಅದಕ್ಕೆ ಬೇಕಾದದ್ದು ಧೂಳಿನ ಕಣ, ಬೆರಳಿನ ಜಿಡ್ಡು, ಬಟ್ಟೆಯ ನವಿರು ಎಳೆ, ಲೆನ್ಸಿನೊಳಗಿನ ಗ್ರೀಸಿನ ಪಸೆ. ಗಾಳಿಯ ಆರ್ದ್ರತೆ ಶೇ 65–70 ದಾಟಿ ಹಲವು ದಿನ ಹಾಗೆಯೇ ನಿಂತರೆ ಕಣ ಮೊಳೆತು ದಾರ ಬಿಡುತ್ತದೆ. ಆ ದಾರಗಳು ಸ್ರವಿಸುವ ಆಮ್ಲ ಗಾಜಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಪ್ರತಿಫಲನ ತಡೆಯುವ ಆ ಲೇಪದ ಒಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಬೂಷ್ಟನ್ನು ಒರೆಸಿ ತೆಗೆಯಬಹುದು, ಕೊರೆದ ಗುರುತನ್ನು ತೆಗೆಯಲಾಗದು.

ಇದು ನಮಗೆ ಮಾತ್ರ ಬಂದ ಕಷ್ಟವೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡಿಗೆ ಹೋದ ಸೈನಿಕರ ದುರ್ಬೀನುಗಳು ಬೂಷ್ಟು ಕಟ್ಟಿ ಕುರುಡಾದವು. ಅದಕ್ಕೆ ಪರಿಹಾರ ಹುಡುಕಲು ಮೆಲ್ಬರ್ನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳೇ ಕೂರಬೇಕಾಯಿತು.

ಎರಡು ತಾಲ್ಲೂಕುಗಳ ಹವೆ ಒಂದೇ ಥರ ಇಲ್ಲ. ಶಿಕಾರಿಪುರ ಅರೆಮಲೆನಾಡು, ಪುನರ್ವಸು, ಪುಷ್ಯದ ನಡುವೆಯೂ ಎರಡು ದಿನ ಬಿಸಿಲು ಬೀಳುವುದುಂಟು. ಪಶ್ಚಿಮಕ್ಕೆ ಸರಿದಂತೆ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕಡೆ, ಸೋನೆ ಹಿಡಿದರೆ ಬಿಡುವುದಿಲ್ಲ. ಹಾಗೆಂದು ಶಿಕಾರಿಪುರದವರು ನಿಶ್ಚಿಂತರಾಗಿರುವಂತಿಲ್ಲ. ಹೊರಗೆ ಎರಡು ದಿನ ಬಿಸಿಲು ಬಂದರೂ ಬೀರುವಿನೊಳಗಿನ ಬ್ಯಾಗಿನ ಸ್ಪಂಜು ಹೀರಿದ ತೇವವನ್ನು ಬಿಟ್ಟುಕೊಡುವುದಿಲ್ಲ.

ಮನೆಯಲ್ಲಿ ಆರ್ದ್ರತೆ ಎಷ್ಟಿದೆ ಎಂದು ತಿಳಿಯಲು ಮೊದಲು ಅಡಿಗೆಮನೆಗೆ ಹೋಗಬೇಕು. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರು ಒಸರುವುದನ್ನು ಮಲೆನಾಡಿನಲ್ಲಿ ನೋಡದವರಿಲ್ಲ. ಶುದ್ಧ ಉಪ್ಪು ಗಾಳಿಯಿಂದ ನೀರು ಹೀರಿ ಕರಗಲು ಶುರುವಾಗುವುದು ಆರ್ದ್ರತೆ ಸುಮಾರು ಶೇ 75 ಮುಟ್ಟಿದಾಗ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಬೆರೆತಿರುವುದರಿಂದ ಅದು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಉಪ್ಪು ಒಸರಿದ ದಿನ ಬ್ಯಾಗಿನಲ್ಲಿರುವ ಲೆನ್ಸಿಗೂ ಅದೇ ಗಾಳಿ ತಾಗುತ್ತಿದೆ ಎಂದೇ ಲೆಕ್ಕ.

ಅದೇ ಉಪ್ಪಿನಿಂದ ಇನ್ನೊಂದು ಕೆಲಸವೂ ಆಗುತ್ತದೆ. ಆರ್ದ್ರತೆ ಅಳೆಯಲು ಅಂಗಡಿಯಲ್ಲಿ ಸಿಗುವ ಪುಟ್ಟ ಡಿಜಿಟಲ್ ಹೈಗ್ರೋಮೀಟರುಗಳು ಅಗ್ಗ, ಆದರೆ ನಾಲ್ಕೈದು ಅಂಕ ಆಚೀಚೆ ತೋರಿಸುವುದು ಮಾಮೂಲು. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿ, ಮೀಟರಿನ ಜೊತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಚ್ಚಬೇಕು. ಉಪ್ಪು ಮೀಟರಿಗೆ ತಾಗಬಾರದು. ಒಂದು ರಾತ್ರಿ ಕಳೆದರೆ ಚೀಲದೊಳಗಿನ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಬೆಳಗ್ಗೆ ಮೀಟರು 70 ತೋರಿಸಿದರೆ ಅದು 5 ಕಡಿಮೆ ಹೇಳುತ್ತಿದೆ ಎಂದರ್ಥ. ಆ ವ್ಯತ್ಯಾಸವನ್ನು ಅದರ ಬೆನ್ನಿಗೇ ಚೀಟಿ ಅಂಟಿಸಿ ಬರೆದಿಟ್ಟರೆ ಆಯಿತು.

ಕ್ಯಾಮೆರಾಕ್ಕೆ ಹಿತವಾದ ಆರ್ದ್ರತೆ ಶೇ 40ರಿಂದ 50. ಜುಲೈಯಲ್ಲಿ ಹೊರಗಿನ ಗಾಳಿ ಬೆಳಗಿನ ಹೊತ್ತು ಶೇ 90 ದಾಟುವ ಊರಿನಲ್ಲಿ ಇಡೀ ಕೋಣೆಯನ್ನು ಆ ಮಟ್ಟಕ್ಕೆ ತರಲಾಗದು. ಒಂದು ಡಬ್ಬಿಯನ್ನು ತರಬಹುದು. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ, ನಾಲ್ಕೂ ಕಡೆ ಲಾಕ್ ಬೀಳುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಹೈಗ್ರೋಮೀಟರು, ತೇವ ಹೀರುವ ಸಿಲಿಕಾ ಜೆಲ್. ಇಷ್ಟೇ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡುವುದು ಒಳ್ಳೆಯದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ 90 ಆರ್ದ್ರತೆಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 20 ಗ್ರಾಂ. ಹಾಗಾದರೆ 20 ಲೀಟರಿನ ಡಬ್ಬಿಯ ಗಾಳಿಯಲ್ಲಿರುವುದು ಅರ್ಧ ಗ್ರಾಮಿಗಿಂತಲೂ ಕಡಿಮೆ. ನೂರು ಗ್ರಾಂ ಒಣ ಜೆಲ್ ನಮಗೆ ಬೇಕಾದ ಆರ್ದ್ರತೆಯಲ್ಲೇ ಇಪ್ಪತ್ತು ಗ್ರಾಮಿನಷ್ಟು ನೀರು ಹಿಡಿದಿಟ್ಟುಕೊಳ್ಳಬಲ್ಲದು. ಅಂದಮೇಲೆ ಗಾಳಿಯ ತೇವ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದರೂ ಜೆಲ್ ವಾರದೊಳಗೆ ಬಣ್ಣ ತಿರುಗಿತು ಎಂದು ಹಲವರು ಬೇಸರಪಡುತ್ತಾರೆ. ಡಬ್ಬಿಯೊಳಗೆ ಏನೇನು ಇಟ್ಟಿದ್ದಾರೆಂದು ನೋಡಿದರೆ ಕಾರಣ ಸಿಗುತ್ತದೆ: ಬೆವರು ಹೀರಿದ ಕೊರಳಪಟ್ಟಿ, ಸ್ಪಂಜಿನ ವಿಭಾಜಕಗಳು, ಲೆನ್ಸು ಬಂದಿದ್ದ ರಟ್ಟಿನ ಪೆಟ್ಟಿಗೆ, ಚರ್ಮದ ಕೇಸು. ಬಟ್ಟೆ, ರಟ್ಟು, ಸ್ಪಂಜು, ಚರ್ಮ ಇವೆಲ್ಲ ಗಾಳಿಗಿಂತ ಎಷ್ಟೋ ಪಾಲು ಹೆಚ್ಚು ನೀರನ್ನು ಒಳಗಿಟ್ಟುಕೊಂಡಿರುತ್ತವೆ. ಡಬ್ಬಿಗೆ ಹೋಗಬೇಕಾದದ್ದು ಬಾಡಿ ಮತ್ತು ಲೆನ್ಸು ಮಾತ್ರ. ಬ್ಯಾಟರಿಯನ್ನೂ ತೆಗೆದಿಡಬೇಕು.

ಜೆಲ್ ಎರಡು ಬಗೆಯಲ್ಲಿ ಸಿಗುತ್ತದೆ. ನೀಲಿ ಬಣ್ಣದ್ದು ತೇವ ಹೀರಿ ಗುಲಾಬಿಯಾಗುತ್ತದೆ, ಕಿತ್ತಳೆಯದು ಹಸಿರಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ವಿಷ. ಮಕ್ಕಳಿರುವ ಮನೆಗೆ ಕಿತ್ತಳೆಯದೇ ಸರಿ. ಬಣ್ಣ ತಿರುಗಿದ ಜೆಲ್ಲನ್ನು ಅಂಗಳದಲ್ಲಿ ಒಣಹಾಕುವುದು ಮಳೆಗಾಲದಲ್ಲಿ ವ್ಯರ್ಥ, ಅದು ಹೊರಗಿನ ಗಾಳಿಯಿಂದ ಇನ್ನಷ್ಟು ಹೀರುತ್ತದೆ. ಓವನ್ ಇದ್ದರೆ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಡಬಹುದು. ಇಲ್ಲವಾದರೆ ಅಡಿಗೆಗೆ ಬಳಸದ ಹಳೆಯ ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕಿಟಕಿ ತೆರೆದಿಟ್ಟು, ಬಣ್ಣ ಮರಳುವವರೆಗೆ ಕೈಯಾಡಿಸಬೇಕು. ಉರಿ ಜೋರಾದರೆ ಬಣ್ಣ ಸುಟ್ಟುಹೋಗಿ, ಆಮೇಲೆ ಅದು ಒಣಗಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಆರುವಾಗಲೂ ಮುಚ್ಚಿದ ಗಾಜಿನ ಬಾಟಲಿಯಲ್ಲೇ ಆರಬೇಕು. ಹೊಸದಾಗಿ ಹುರಿದ ಜೆಲ್ಲನ್ನು ಚಿಕ್ಕ ಡಬ್ಬಿಗೆ ಧಾರಾಳವಾಗಿ ಸುರಿಯುವುದೂ ಬೇಡ. ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿದು ಬಹುಕಾಲ ಹಾಗೇ ಇದ್ದರೆ ಹಿಡಿಯ ರಬ್ಬರು, ಒಳಗಿನ ಗ್ರೀಸು ಒಣಗುತ್ತವೆ. ಮೀಟರು ನೋಡಿ ಒಂದಿಷ್ಟು ಜೆಲ್ ತೆಗೆದರೆ ಸಾಕು.

ಭತ್ತದ ನಾಡಾದ್ದರಿಂದ ಅಕ್ಕಿಯ ವಿಷಯ ಹೇಳಲೇಬೇಕು. ನೆನೆದ ಮೊಬೈಲನ್ನೋ ಕ್ಯಾಮೆರಾವನ್ನೋ ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವ ಅಭ್ಯಾಸ ಇಲ್ಲಿ ಮನೆಮನೆಯಲ್ಲಿದೆ. ಮೂಟೆಯಲ್ಲಿರುವ ಅಕ್ಕಿಯಲ್ಲೇ ಶೇ 13–14ರಷ್ಟು ನೀರಿನಂಶ ಇರುತ್ತದೆ. ಅಂಥ ಅಕ್ಕಿ ತನ್ನ ಸುತ್ತಲಿನ ಗಾಳಿಯನ್ನು ಸುಮಾರು ಶೇ 65–70 ಆರ್ದ್ರತೆಯಲ್ಲಿ ನಿಲ್ಲಿಸುತ್ತದೆ, ಅಂದರೆ ಬೂಷ್ಟು ಮೊಳೆಯುವ ಗಡಿಯಲ್ಲೇ. ಜೊತೆಗೆ ತೌಡಿನ ಹುಡಿ ಸಂದುಗೊಂದುಗಳಿಗೆ ಸೇರಿ ಅದೇ ಬೂಷ್ಟಿಗೆ ಆಹಾರವಾಗುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ಹಳೆಯ ಸ್ಟುಡಿಯೋಗಳಲ್ಲಿ ಬೀರುವಿನೊಳಗೆ 15 ವ್ಯಾಟಿನ ಬಲ್ಬು ಉರಿಸಿಡುವ ಪದ್ಧತಿಯಿತ್ತು. ಇದರಲ್ಲಿ ಗಟ್ಟಿ ತಿಳಿವಳಿಕೆ ಇದೆ. ನೀರಿನ ಪ್ರಮಾಣ ಅಷ್ಟೇ ಇದ್ದು ಗಾಳಿ ಬಿಸಿಯಾದರೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ: 25 ಡಿಗ್ರಿಯಲ್ಲಿ ಶೇ 90 ಇದ್ದದ್ದು 30 ಡಿಗ್ರಿಗೆ ಶೇ 68ರ ಆಸುಪಾಸು, 35ಕ್ಕೆ ಶೇ 52. ತೊಂದರೆ ಎಂದರೆ ಕರೆಂಟು ಹೋದಾಗ ಬೀರು ತಣ್ಣಗಾಗಿ ಮೊದಲಿನ ಸ್ಥಿತಿಗೇ ಬರುತ್ತದೆ, ಮತ್ತು ಮಳೆಗಾಲದಲ್ಲಿ ಕರೆಂಟು ಹೋಗುವುದೇ ಹೆಚ್ಚು. ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್ಟು ಹೆಚ್ಚು ಕರೆಂಟು ತಿನ್ನುವುದಿಲ್ಲ, ಹೊಂದಿಸಿದ ಆರ್ದ್ರತೆಯನ್ನು ತಾನೇ ಕಾಯುತ್ತದೆ, ಬಾಗಿಲು ಮುಚ್ಚಿಯೇ ಇದ್ದರೆ ಕರೆಂಟು ಹೋದರೂ ಕೆಲವು ಗಂಟೆ ತಾಳುತ್ತದೆ. ಐದಾರು ಲೆನ್ಸು ಇರುವ ಸ್ಟುಡಿಯೋಗೆ ಅದು ಯೋಗ್ಯ. ಒಂದು ಬಾಡಿ, ಎರಡು ಲೆನ್ಸಿನವರಿಗೆ ಡಬ್ಬಿಯೇ ಸಾಕೆಂಬುದು ನನ್ನ ಅಭಿಪ್ರಾಯ.

ಅಡಿಕೆ ಬೆಳೆಯುವವರು ಬೋರ್ಡೊ ದ್ರಾವಣವನ್ನು ಕೊಳೆರೋಗ ಕಾಣುವ ಮೊದಲೇ, ಮಳೆ ಬಲಿಯುವ ಮುಂಚೆಯೇ ಹೊಡೆಸುತ್ತಾರೆ. ಡಬ್ಬಿಯ ಕೆಲಸವೂ ರೋಹಿಣಿ ಮಳೆಯ ಹೊತ್ತಿಗೆ ಮುಗಿದಿರಬೇಕು.

ಮಳೆಗಾಲದಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬಾರದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಈ ಸೀಮೆಯ ಅತ್ಯುತ್ತಮ ಚಿತ್ರಗಳು ಹುಟ್ಟುವುದೇ ಆಗ. ಸೊರಬದಿಂದ ಬನವಾಸಿ ಕಡೆಗೆ ಹೋಗುವ ದಾರಿಯ ಗುಡವಿ ಪಕ್ಷಿಧಾಮದಲ್ಲಿ ಕೆರೆ ತುಂಬಿ, ನೀರಿನೊಳಗೆ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲೇ. ವಾರಕ್ಕೊಮ್ಮೆಯಾದರೂ ಗಾಳಿ ಬೆಳಕಿಗೆ ಬರುವ ಲೆನ್ಸು ಬೀರುವಿನ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಗುಡವಿಗೆಂದು ಬೆಂಗಳೂರಿನಿಂದ ರಾತ್ರಿ ಎ.ಸಿ. ಬಸ್ಸಿನಲ್ಲಿ ಬರುವವರು ಒಂದನ್ನು ನೆನಪಿಡಬೇಕು. ಬಸ್ಸಿನೊಳಗೆ 20 ಡಿಗ್ರಿ ಇದ್ದರೆ ಬೆಳಗಿನ ಜಾವದ ಹೊತ್ತಿಗೆ ಲೆನ್ಸೂ 20 ಡಿಗ್ರಿಗೆ ತಣ್ಣಗಾಗಿರುತ್ತದೆ. ಸೊರಬದಲ್ಲಿ ಇಳಿದಾಗ ಹೊರಗೆ 23 ಡಿಗ್ರಿ, ಶೇ 95 ಆರ್ದ್ರತೆ ಎಂದುಕೊಳ್ಳಿ. ಅಂಥ ಗಾಳಿ 22 ಡಿಗ್ರಿಗಿಂತ ತಣ್ಣಗಿರುವ ಏನನ್ನು ಮುಟ್ಟಿದರೂ ಇಬ್ಬನಿ ಕೂರುತ್ತದೆ. ಗಾಜಿನ ಮೇಲೆ ಮಾತ್ರವಲ್ಲ, ಒಳಗಿನ ಸರ್ಕೀಟಿನ ಮೇಲೂ. ಬಸ್ಸು ಹತ್ತುವ ಮೊದಲೇ ಬಾಡಿಯನ್ನೂ ಲೆನ್ಸನ್ನೂ ಬೇರೆ ಬೇರೆ ಜಿಪ್ ಚೀಲಗಳಲ್ಲಿ, ಒಂದೊಂದು ಚಿಕ್ಕ ಜೆಲ್ ಪೊಟ್ಟಣದೊಡನೆ ಮುಚ್ಚಬೇಕು. ಇಳಿದ ಮೇಲೆ ಚೀಲ ಬಿಚ್ಚದೆ ಅರ್ಧ ಮುಕ್ಕಾಲು ಗಂಟೆ ಕಾಯಬೇಕು; ಅಷ್ಟರಲ್ಲಿ ಒಂದು ಕಾಫಿ, ಎರಡು ಇಡ್ಲಿ ಮುಗಿಯುತ್ತದೆ. ಇಬ್ಬನಿ ಚೀಲದ ಹೊರಮೈ ಮೇಲೆ ಕೂತು ಅಲ್ಲೇ ಆರುತ್ತದೆ. ಹಿಂದಿರುಗುವಾಗ ಒದ್ದೆ ಮಳೆಕವರನ್ನೂ ಟವೆಲನ್ನೂ ಕ್ಯಾಮೆರಾ ಬ್ಯಾಗಿಗೆ ತುರುಕಬಾರದು.

ಈ ಸೀಮೆಯಲ್ಲಿ ಕ್ಯಾಮೆರಾವನ್ನು ಕರೆಯುವುದು ಹಕ್ಕಿಗಳಷ್ಟೇ ಅಲ್ಲ, ಹಳೆಯ ಕಲ್ಲುಗಳೂ ಹೌದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಕ್ಯಾಮೆರಾ ಬಹಳ ಮೊದಲೇ ಬಂದಿತ್ತು. ಮುಂಬೈ ವೈದ್ಯಕೀಯ ಸೇವೆಯಲ್ಲಿದ್ದ ಡಾ. ಪಿಗೊ ಇಲ್ಲಿ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಧಾರವಾಡ–ಮೈಸೂರು ವಾಸ್ತುಶಿಲ್ಪದ ಸಂಪುಟದಲ್ಲಿವೆ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ನೂರೈವತ್ತು ಶಾಸನಗಳನ್ನು ಚಿತ್ರೀಕರಿಸಿದರು. ಅವುಗಳನ್ನು ಓದಿ ಶಾಸನತಜ್ಞ ಬಿ. ಎಲ್. ರೈಸ್ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಶನ್ಸ್’ ಪ್ರಕಟಿಸಿದರು. ಅದರಲ್ಲಿ ಬಳ್ಳಿಗಾವಿಯ ಶಾಸನಗಳದು ದೊಡ್ಡ ಪಾಲು. ಇಂದು ನಮಗೆ ತೇವದ ಭಯವಾದರೆ ಆಗ ಇದ್ದದ್ದು ಒಣಗುವ ಭಯ: ಆ ಕಾಲದ ಕೊಲೋಡಿಯನ್ ಗಾಜಿನ ಫಲಕವನ್ನು ಲೇಪ ಒಣಗುವ ಮೊದಲೇ ಕ್ಯಾಮೆರಾಕ್ಕಿಟ್ಟು, ಒಣಗುವ ಮೊದಲೇ ತೊಳೆದು ಮುಗಿಸಬೇಕಿತ್ತು.

ಇಂದಿಗೂ ಬಳ್ಳಿಗಾವಿ, ತಾಳಗುಂದ, ಕುಬಟೂರಿನ ಶಾಸನ, ವೀರಗಲ್ಲುಗಳನ್ನು ಆಸಕ್ತರು ಚಿತ್ರೀಕರಿಸುತ್ತಲೇ ಇದ್ದಾರೆ. ಸವೆದ ಅಕ್ಷರ ಚಿತ್ರದಲ್ಲಿ ಮೂಡುವುದು ಓರೆ ಬೆಳಕಿನ ತೆಳು ನೆರಳಿನಿಂದ. ಬೂಷ್ಟು ಕೊರೆದ ಲೆನ್ಸಿನಲ್ಲಿ ಬೆಳಕು ಚದುರಿ ಮೊದಲು ಕಳೆದುಹೋಗುವುದು ಆ ನೆರಳೇ. ಬಯಲಲ್ಲಿ ನಿಂತು ಮಳೆಗೆ ಸವೆಯುತ್ತಿರುವ ಕಲ್ಲಿನ ವಿಷಯದಲ್ಲಿ ಈ ನಷ್ಟ ಸಣ್ಣದಲ್ಲ.

ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ಎಂಬ ಪರೀಕ್ಷೆ ಸುಲಭ. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಬೇಕು. ಚುಕ್ಕೆಗಳಾದರೆ ಧೂಳು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಕವಲೊಡೆದ ಎಳೆಗಳಾದರೆ ಬೂಷ್ಟು. ಬಿಸಿಲಿಗಿಟ್ಟು ಕೊಲ್ಲಲು ಹೋಗುವುದು ಅಪಾಯ. ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿಯನ್ನೇ ಹೊತ್ತಿಸಬಲ್ಲದು. ಬಿಚ್ಚಿ ಶುಚಿ ಮಾಡುವ ಪರಿಣತರಿಗೆ ಬೇಗ ಕಳಿಸಿದರೆ ಲೇಪ ಉಳಿಯುವ ಸಾಧ್ಯತೆ ಹೆಚ್ಚು, ಹಾಗಾಗಿ ಮುಂದಿನ ಮದುವೆ ಸೀಸನ್ ಮುಗಿಯಲಿ ಎಂದು ಕಾಯಬಾರದು. ಶುಚಿಯಾಗಿ ಬಂದ ಲೆನ್ಸನ್ನು ಮತ್ತೆ ಅದೇ ಬ್ಯಾಗಿಗೆ ಹಾಕುವುದೂ ಬೇಡ. ಸ್ಪಂಜಿಗೆ ಮುಗ್ಗಲು ವಾಸನೆ ಹತ್ತಿದ್ದರೆ ಆ ಬ್ಯಾಗನ್ನು ಬಟ್ಟೆಬರೆ ತುಂಬುವುದಕ್ಕೆ ಕೊಟ್ಟು ಬೇರೆಯದನ್ನು ತರಬೇಕು.