ಓಪನ್ ಗಾಡಿಗೆ ಹೊಸ ಚಕ್ರ: ಅಂಗಡಿಗೆ ಹೋಗೋ ಮುಂಚೆ ಆರ್‌ಸಿ ನೋಡಿ

ಹಿಂದೂಪುರ: ಟಾಪ್ ಬಿಚ್ಚಿ ಲೇಪಾಕ್ಷಿ ಬಸವಣ್ಣನವರೆಗೆ ಒಂದು ಸುತ್ತು ಹೋಗಿ ಬರುವ ಆಸೆ ಈ ಭಾಗದ ಹುಡುಗರಿಗೆ ಹೊಸದೇನಲ್ಲ. ವಿದೇಶಿ ಸ್ಪೋರ್ಟ್ಸ್ ಕಾರು ಸಿನಿಮಾಕ್ಕೆ ಸರಿ. ಪಕ್ಕದ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿದ್ದರೂ ಅವಕ್ಕೆಲ್ಲ ಗಟ್ಟಿ ಟಾಪು. ಗಡಿಯ ಊರುಗಳಲ್ಲಿ ‘ಓಪನ್ ಗಾಡಿ’ ಅಂದರೆ ಹಳೇ ಮಹೀಂದ್ರಾ ಜೀಪು, ಮಾರುತಿ ಜಿಪ್ಸಿ, ಇಲ್ಲವೇ 2020ರಲ್ಲಿ ಹೊಸ ರೂಪದಲ್ಲಿ ಬಂದ ಥಾರ್‌ನ ಬಟ್ಟೆ ಟಾಪಿನ ಮಾದರಿ.

ಗಾಡಿ ಮನೆಗೆ ಬಂತೆಂದರೆ ಮುಂದಿನ ಮಾತು ಒಂದೇ: ‘ಅಣ್ಣಾ, ಚಕ್ರ ದಪ್ಪದ್ದು ಹಾಕ್ಸೋಣ.’ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಚಕ್ರ, ಬಂಪರ್, ಲೈಟು, ಫೈಬರ್ ಟಾಪು, ಏನು ಬೇಕಾದರೂ ಸಿಗುತ್ತದೆ. ಸಿಗೋದೆಲ್ಲ ಹಾಕಿಸಬಹುದಾ ಅನ್ನುವಲ್ಲಿ ತಕರಾರು ಶುರು.

ಎರಡು ರಾಜ್ಯದ ಲೆಕ್ಕ

ಮಡಕಶಿರಾ, ಅಗಳಿ, ಅಮರಾಪುರ ಕಡೆಯ ಕನ್ನಡ ಮನೆಗಳಿಗೆ ಈ ತಕರಾರು ಕೊಂಚ ಜಾಸ್ತಿಯೇ. ನೆಂಟಸ್ತಿಕೆ ಕರ್ನಾಟಕದಲ್ಲಿ, ಮನೆ ಆಂಧ್ರದಲ್ಲಿ. ಗಾಡಿ ಕೆಎ ನಂಬರಿನದು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಗಾಡಿಗೆ ಅಲ್ಲಿನ ನಂಬರು ಮಾಡಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಮೊದಲ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಬೇಕು. ಆರ್‌ಸಿಯಲ್ಲಿರುವ ಬಣ್ಣ, ಬಾಡಿಯ ವಿಧ ಒಂದು, ಎದುರಿಗೆ ನಿಂತ ಗಾಡಿ ಇನ್ನೊಂದು ಅಂತಾದರೆ ಕೆಲಸ ಅಲ್ಲಿಗೇ ನಿಂತಿತು.

ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಮಾಲೀಕನಿಗೆ 6 ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ ಆಗಬಹುದು. ‘ಪ್ರತಿ ಬದಲಾವಣೆಗೆ’ ಎಂಬ ಮಾತನ್ನು ಅಂಗಡಿಯವರು ಹೇಳುವುದಿಲ್ಲ.

ತೂತು ಕೂತರೆ ಸಾಲದು

ಚಕ್ರ ಆರಿಸುವಾಗ ಡಿಸೈನ್ ಕೊನೆಗೆ ನೋಡಬೇಕಾದ್ದು. ಮೊದಲು ಬೋಲ್ಟಿನ ತೂತು. ಹಳೇ ಜೀಪಿಗೂ ಜಿಪ್ಸಿಗೂ ಐದು ತೂತು. ಅವು ಕೂರುವ ವೃತ್ತದ ಅಳತೆ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಆದ್ದರಿಂದ ‘ಇದರದ್ದು ಅದಕ್ಕಾಗುತ್ತೆ’ ಅನ್ನುವ ಮಾತು ಗುಜರಿಯಲ್ಲಿ ಬೇಗ ಕೇಳಿಬರುತ್ತದೆ. ಆದರೆ ತೂತು ಕೂತ ಮಾತ್ರಕ್ಕೆ ಚಕ್ರ ಕೂತಂತಲ್ಲ. ನಡುವಿನ ದೊಡ್ಡ ತೂತು ಹಬ್ ಮೇಲೆ ಸಡಿಲವಿಲ್ಲದೆ ಕೂರಬೇಕು. ರಿಮ್ ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಅನ್ನುವ ‘ಆಫ್‌ಸೆಟ್’ ಹೊಂದಬೇಕು. ಚಕ್ರ ಮಡ್‌ಗಾರ್ಡ್ ದಾಟಿ ಹೊರಗೆ ನಿಂತರೆ ನೋಡಲು ಗತ್ತು ನಿಜ; ಬೇರಿಂಗ್ ಬೇಗ ಸವೆಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಕೆಸರು ಬಾಗಿಲಿಗೆ ಹಾರುತ್ತದೆ.

ಎತ್ತರದ ಲೆಕ್ಕಕ್ಕೆ ಥಾರ್ ಒಳ್ಳೆಯ ಪಾಠ. ಒಂದೇ ಗಾಡಿ, ಕಂಪನಿಯಿಂದಲೇ ಎರಡು ಅಳತೆಯಲ್ಲಿ ಬಂತು: 16 ಇಂಚಿನ ರಿಮ್‌ಗೆ 245/75, 18 ಇಂಚಿನದಕ್ಕೆ 255/65 ಟೈರು. ಗುಣಿಸಿ ಕೂಡಿದರೆ ಮೊದಲನೆಯದರ ಒಟ್ಟು ಎತ್ತರ ಸುಮಾರು 774 ಮಿ.ಮೀ., ಎರಡನೆಯದು 789. ರಿಮ್ ಎರಡು ಇಂಚು ದೊಡ್ಡದಾದರೂ ಚಕ್ರ ಎತ್ತರವಾಗಿದ್ದು ಒಂದೂವರೆ ಸೆಂ.ಮೀ. ಮಾತ್ರ. ಟೈರಿನ ಗೋಡೆ ತೆಳುವಾಯಿತು, ಅಷ್ಟೇ. ಈ ಲೆಕ್ಕ ಬಿಟ್ಟು ಸಿಕ್ಕಿದ್ದನ್ನು ತೊಡಿಸಿದರೆ ಚಕ್ರ ತಿರುವಿನಲ್ಲಿ ಬಾಡಿಗೆ ತಾಗುತ್ತದೆ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ.

ರಿಮ್ಮಿನ ಹಿಂಬದಿ ತಿರುಗಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಕಮ್ಮಿ. ಐಎಸ್‌ಐ ಗುರುತು, ತಡೆಯುವ ಭಾರ ಅಲ್ಲೇ ಅಚ್ಚಾಗಿರಬೇಕು. ಏನೂ ಇಲ್ಲದ ಹೊಳೆಯುವ ಅಗ್ಗದ ರಿಮ್ಮನ್ನು ಅಲ್ಲೇ ಬಿಟ್ಟು ಬರುವುದು ಮೇಲು.

ಕಲ್ಯಾಣದುರ್ಗದ ಬಿಸಿಲು, ಕಲ್ಲು

ಹಿಂದೂಪುರದಿಂದ ಗೌರಿಬಿದನೂರಿನ ಮೇಲೆ ಬೆಂಗಳೂರಿಗೆ ಓಡಾಡುವವರಿಗೆ ತೆಳು ಗೋಡೆಯ ಟೈರು ನಡೆದೀತು. ಕಲ್ಯಾಣದುರ್ಗದಿಂದ ಪಾವಗಡ, ರಾಯದುರ್ಗದ ಹಳ್ಳಿ ದಾರಿ ಹಿಡಿಯುವವರಿಗೆ ಆ ಮಾತಿಲ್ಲ. ಗುಂಡಿಗೆ ಬಿದ್ದರೆ ಕಬ್ಬಿಣದ ರಿಮ್ ಬಗ್ಗುತ್ತದೆ, ಊರಲ್ಲೇ ಬಡಿದು ಸರಿ ಮಾಡುತ್ತಾರೆ. ಅಲಾಯ್ ರಿಮ್ ಬಿರುಕು ಬಿಡಬಹುದು. ಬಿರುಕಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಓಡಿಸುವುದು ಜೀವದ ಜೊತೆ ಆಟ. ಹೊಲದ ದಾರಿ ಇರುವವರಿಗೆ ಕಬ್ಬಿಣದ ರಿಮ್ಮೂ ದಪ್ಪ ಗೋಡೆಯ ಟೈರುಗಳೂ ಸಾಕು, ಬೇರೇನೂ ಬೇಡ.

ಬಿಸಿಲಿಗೆ ಬಟ್ಟೆ ಟಾಪು ಗಡುಸಾಗಿ ಹೊಲಿಗೆ ಬಿಡುತ್ತದೆ, ಅಗ್ಗದ ಫೈಬರ್ ಬಣ್ಣ ಬಿಡುತ್ತದೆ. ‘ಈ ಬಟ್ಟೆ ಸಹವಾಸವೇ ಬ್ಯಾಡ’ ಅಂತ ಫೈಬರ್ ಹಾರ್ಡ್‌ಟಾಪ್ ಕೂರಿಸಲು ಮನಸ್ಸಾಗುವುದು ಸಹಜವೇ. ಆದರೆ ಅದು ಬಾಡಿಯ ರೂಪವನ್ನೇ ಬದಲಿಸುವ ಕೆಲಸ. ಆರ್‌ಟಿಒ ಕೇಳದೆ ಮಾಡುವಂತಿಲ್ಲ. ಥಾರ್‌ನ ಒಳಗಿನ ರೋಲ್ ಕೇಜ್ ಪೈಪನ್ನು ಕೊರೆದು ಏನನ್ನೂ ಕೂರಿಸಬಾರದು. ಗಾಡಿ ಉರುಳಿದಾಗ ತಲೆ ಕಾಯುವುದು ಅದೊಂದೇ.

ಮುಂದಿನ ಕಬ್ಬಿಣದ ಗಾರ್ಡ್ ಮೇಲೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗಿನ ಸೆನ್ಸರ್‌ಗೆ ಅದು ಅಡ್ಡಿ, ದಾರಿಹೋಕರಿಗೆ ಅಪಾಯ.

ನಮ್ಮ ದೇಶದ್ದೇ ಸ್ಪೋರ್ಟ್ಸ್ ಕನ್ವರ್ಟಿಬಲ್ ಒಂದಿತ್ತು. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್: ಎರಡೇ ಸೀಟು, ಫೈಬರ್ ಬಾಡಿ, ರೆನೋ ಎಂಜಿನ್. ಅಂಥ ಗಾಡಿಯ ಬಂಪರ್ ಒಡೆದರೆ ಅಂಗಡಿಯಲ್ಲಿ ಕೇಳಿ ಪ್ರಯೋಜನವಿಲ್ಲ, ಅಚ್ಚು ತೆಗೆದು ಎರಕ ಹೊಯ್ಯಿಸಬೇಕು. ಜೀಪಿನವರ ಅದೃಷ್ಟ ಅಷ್ಟರಮಟ್ಟಿಗೆ ದೊಡ್ಡದು.

ಹಾಕಿಸಿದ್ದನ್ನು ವಿಮೆ ಕಂಪನಿಗೆ ಬರೆದು ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮಿಗೆ ಅಡ್ಡಿ ಬರುತ್ತದೆ. ಹೊಸ ಚಕ್ರದಲ್ಲಿ 50-100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು. ಬಿಚ್ಚಿದ ಹಳೇ ಚಕ್ರಗಳನ್ನು ಗುಜರಿಗೆ ಕೊಡದೆ ಗೋಣಿಚೀಲ ಸುತ್ತಿ ಅಟ್ಟದ ಮೇಲಿಡಿ. ಎನ್‌ಒಸಿ ಮಾಡಿಸಲು ಹೊರಟ ದಿನ ಅವೇ ಬೇಕಾಗುತ್ತವೆ.