ಅಜ್ಜನ ಫೋಟೋ ಸರಿಮಾಡಿದ್ದು

ಹಳೇ ಫೋಟೋದ ಕಲೆಗಳನ್ನು ಕಂಪ್ಯೂಟರಿನಲ್ಲಿ ಹೇಗೆ ತೆಗೆಯೋದು ಅಂತ ಹೇಳುತ್ತೇನೆ. ತೀರಿಹೋದ ನಮ್ಮಜ್ಜನ ಫೋಟೋ ಮನೆಯಲ್ಲಿ ಇರೋದು ಒಂದೇ. ಅದಕ್ಕೆ ಬೂಷ್ಟು ಹಿಡಿದು ಕಪ್ಪು ಚುಕ್ಕೆಗಳಾಗಿದ್ದವು. ಚಿಕ್ಕಪ್ಪ ಪೇಟೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಅವರ ಕಂಪ್ಯೂಟರಿನಲ್ಲಿ ಜಿಂಪ್ ಎಂಬ ತಂತ್ರಾಂಶ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಅದನ್ನು ಶುರು ಮಾಡಿದರಂತೆ!

ಫೋಟೋವನ್ನು ತುಂಬಾ ದೊಡ್ಡದು ಮಾಡಿ ನೋಡಿದರೆ ಬರೀ ಬಣ್ಣದ ಚೌಕಗಳು. ಅವೇ ಪಿಕ್ಸೆಲ್. ಕಲೆ ತೆಗೆಯೋದು ಅಂದರೆ ರಬ್ಬರಿನಲ್ಲಿ ಉಜ್ಜಿದ ಹಾಗಲ್ಲ. ಪಕ್ಕದ ಒಳ್ಳೇ ಚೌಕಗಳನ್ನು ತಂದು ಕಲೆಯ ಮೇಲೆ ಹಾಕೋದು, ಅಂಗಿಗೆ ತೇಪೆ ಹಾಕಿದ ಹಾಗೆ. ಅದಕ್ಕೆ ಕ್ಲೋನ್ ಅನ್ನೋ ಸಾಧನ ಇದೆ. ಕಂಟ್ರೋಲ್ ಬಟನ್ ಒತ್ತಿಕೊಂಡು ಒಳ್ಳೇ ಜಾಗದ ಮೇಲೆ ಕ್ಲಿಕ್ ಮಾಡಬೇಕು. ಆಮೇಲೆ ಅದನ್ನು ಬಿಟ್ಟು, ಕಲೆಯ ಮೇಲೆ ಮೌಸ್ ಒತ್ತಿ ಎಳೆಯಬೇಕು. ಕುಂಚ ಚಿಕ್ಕದಿರಲಿ. ನಾನು ದೊಡ್ಡದು ಇಟ್ಟು ಅಜ್ಜನಿಗೆ ಒಂದೇ ಕಡೆ ಎರಡು ಕಿವಿ ಬಂದುಬಿಟ್ಟಿತ್ತು! ಕಂಟ್ರೋಲ್ ಜೊತೆ ಝಡ್ ಒತ್ತಿದೆ, ಹೋಯಿತು.

ಎರಡು ದಿನ ಕೂತು ಎಲ್ಲಾ ಚುಕ್ಕೆ ತೆಗೆದೆ. ಅಜ್ಜಿಗೆ ತೋರಿಸಿದೆ. ಅಜ್ಜಿ ತುಂಬಾ ಹೊತ್ತು ನೋಡಿ, "ಇವರ ಕೆನ್ನೆ ಮೇಲಿನ ಮಚ್ಚೆ ಎಲ್ಲೋಯ್ತೋ?" ಅಂದರು. ನಾನು ಅದನ್ನೂ ಬೂಷ್ಟು ಅಂದುಕೊಂಡಿದ್ದೆ.

ಪುಣ್ಯಕ್ಕೆ, ಶುರು ಮಾಡೋ ಮುಂಚೆಯೇ ಚಿಕ್ಕಪ್ಪ ಒಂದು ಪ್ರತಿ ಬೇರೆ ಇಡಿಸಿದ್ದರು. ಅದನ್ನು ತೆರೆದು ಮೊದಲಿಂದ ಮಾಡಿದೆ. ಈ ಸಲ ಅಜ್ಜಿ ಪಕ್ಕದಲ್ಲೇ ಕೂತು, ಯಾವುದು ಕಲೆ, ಯಾವುದು ಅಜ್ಜ ಅಂತ ಬೆರಳಿಟ್ಟು ತೋರಿಸಿದರು.