ಹೊಡೆಯದ ಚೆಂಡಿಗೆ ‘ಹೊಡೆತ’ವೆಂಬ ಹೆಸರೇಕೆ?

ಅಮೆರಿಕಾ ದೇಶದ ಬೇಸ್‌ಬಾಲ್ ಆಟವನ್ನು ಮೊದಲ ಸಲ ನೋಡಿದಾಗ ನಮ್ಮನ್ನು ತೊಡಕಿಗೆ ಸಿಕ್ಕಿಸಿದುದು ‘ಸ್ಟ್ರೈಕ್’ ಎಂಬ ಒಂದು ಮಾತು. ಸ್ಟ್ರೈಕ್ ಎಂದರೆ ಹೊಡೆತವೆಂದು ಬಾಲಕರೂ ಬಲ್ಲರು. ಅಲ್ಲಿಯಾದರೋ ದಾಂಡಿಗನು ದಾಂಡನ್ನು ಅಲುಗಿಸದೆ ನಿಂತಿರುವನು. ಚೆಂಡು ಅವನ ಮುಂದೆ ಹಾದುಹೋಗುವುದು. ಹಿಂದೆ ಬಗ್ಗಿ ನಿಂತ ತೀರ್ಪುಗಾರನು ‘ಸ್ಟ್ರೈಕ್’ ಎಂದು ಕೂಗುವನು! ಇಂತಹವು ಮೂರಾದರೆ ದಾಂಡಿಗನು ಔಟು. ಹೊಡೆಯದಿದ್ದುದೇ ಹೊಡೆತವಾಗುವ ಈ ವಿಪರೀತಲಕ್ಷಣೆಗೆ ಅರ್ಥವೇನು?

ಆಟದ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ಪೂರ್ವದಲ್ಲಿ ದಾಂಡು ಬೀಸಿ ತಪ್ಪಿದುದಕ್ಕೆ ಮಾತ್ರ ಆ ಹೆಸರಿದ್ದಿತು. ಮನಸ್ಸಿಗೆ ಒಪ್ಪುವ ಚೆಂಡು ಬರುವವರೆಗೆ ಎಷ್ಟು ಹೊತ್ತಾದರೂ ಕಾಯುವ ಜಾಣರನ್ನು ಎಚ್ಚರಿಸಲು, ಒಳ್ಳೆಯ ಚೆಂಡನ್ನು ಬಿಟ್ಟವನ ಮೇಲೂ ಸ್ಟ್ರೈಕನ್ನು ಎಣಿಸುವ ಅಧಿಕಾರವನ್ನು 1858ರಲ್ಲಿ ತೀರ್ಪುಗಾರನಿಗೆ ಕೊಟ್ಟರು. ಆದುದರಿಂದ ಇದನ್ನು ‘ಹೊಡೆದುದು’ ಎಂದಲ್ಲ, ‘ಹೊಡೆಯತಕ್ಕುದಾಗಿದ್ದುದು’ ಎಂದು ತಿಳಿಯಬೇಕು. ಸಂಸ್ಕೃತದಲ್ಲಾದರೆ ಅನೀಯ ಪ್ರತ್ಯಯವೊಂದನ್ನು ಹಚ್ಚಿ ‘ತಾಡನೀಯ’ವೆಂದು ಮುಗಿಸಿಬಿಡಬಹುದಾಗಿತ್ತು.

ಆದರೆ ಹೊಡೆಯತಕ್ಕ ಚೆಂಡು ಯಾವುದು? ಕ್ರಿಕೆಟ್ಟಿನಲ್ಲಿ ಮೂರು ಗೂಟಗಳಾದರೂ ಕಣ್ಣಿಗೆ ಕಾಣುತ್ತವೆ. ಇಲ್ಲಿ ನೆಲದ ಮೇಲೆ 17 ಅಂಗುಲ ಅಗಲದ, ಐದು ಮೂಲೆಯ ಬಿಳಿಯ ಫಲಕವೊಂದೇ ಇರುವುದು. ಅದರ ಮೇಲೆ ಬರಿಯ ಗಾಳಿಯಲ್ಲಿ ಕಲ್ಪಿಸಿಕೊಂಡ ಚೌಕಟ್ಟೇ ‘ಸ್ಟ್ರೈಕ್ ಜೋನ್’. ಅದರ ಅಗಲವು ಎಲ್ಲರಿಗೂ ಒಂದೇ. ಎತ್ತರವು ಮಾತ್ರ ಚೆಂಡನ್ನೆದುರಿಸಿ ನಿಂತ ದಾಂಡಿಗನ ಮೈಯನ್ನು ಅನುಸರಿಸತಕ್ಕುದು. 1996ರ ನಿಯಮದಂತೆ ಮಂಡಿಚಿಪ್ಪಿನ ಕೆಳಗಣ ಕುಳಿಯೇ ಅದರ ತಳ. ಹೆಗಲಿಗೂ ಷರಾಯಿಯ ಮೇಲಂಚಿಗೂ ನಡುಮಧ್ಯವೇ ಅದರ ನೆತ್ತಿ. ಇದರ ಹೊರಗೆ ನಾಲ್ಕು ಚೆಂಡುಗಳು ಹೋಗಿ, ದಾಂಡಿಗನು ಬೀಸದೆ ಬಿಟ್ಟರೆ, ಅವನು ಓಡದೆಯೇ ಮೊದಲನೆಯ ‘ಬೇಸ್’ಗೆ ನಡೆದುಹೋಗಬಹುದು.

ಇದರ ಮರ್ಮವನ್ನು ಚೆನ್ನಾಗಿ ಅರಿತಿದ್ದವನು ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಒಡೆಯ ಬಿಲ್ ವೆಕ್. 1951ರ ಆಗಸ್ಟ್ 19ರಂದು ಅವನು 3 ಅಡಿ 7 ಅಂಗುಲ ಎತ್ತರದ ಎಡ್ಡಿ ಗೆಡೆಲ್ ಎಂಬಾತನಿಗೆ, ಬೆನ್ನಿನ ಮೇಲೆ ‘1/8’ ಎಂಬ ಅಂಕೆಯ ಅಂಗಿ ತೊಡಿಸಿ, ದಾಂಡು ಕೊಟ್ಟು ಕಳುಹಿಸಿದನು. ಅಷ್ಟು ಪುಟ್ಟ ಚೌಕಟ್ಟಿಗೆ ಗುರಿಯಿಡುವುದೆಂತು? ಡೆಟ್ರಾಯಿಟಿನ ಬಾಬ್ ಕೇನ್ ಎಸೆದ ನಾಲ್ಕು ಚೆಂಡುಗಳೂ ಎತ್ತರವಾಗಿ ಹೋದುವು. ಗೆಡೆಲ್ ಬೇಸಿಗೆ ನಡೆದನು. ಮರುದಿನವೇ ಲೀಗಿನ ಅಧ್ಯಕ್ಷರು ಅವನ ಒಪ್ಪಂದವನ್ನು ರದ್ದುಮಾಡಿದರು. ಮನುಷ್ಯನೊಬ್ಬನ ಮೈಯಳತೆಯನ್ನು ನಗೆಗೀಡುಮಾಡಿದುದು ನಮಗೆ ಸೇರದು. ಆದರೂ ಗೆಡೆಲ್ ಯಾವ ನಿಯಮವನ್ನೂ ಮೀರಿರಲಿಲ್ಲ.

2026ರಿಂದ ಅಮೆರಿಕಾದ ದೊಡ್ಡ ಲೀಗುಗಳಲ್ಲಿ ಯಂತ್ರದ ಕಣ್ಣೂ ಬಂದಿದೆ. ದಾಂಡಿಗ, ಎಸೆತಗಾರ, ಹಿಂದೆ ಚೆಂಡು ಹಿಡಿಯುವವನು, ಈ ಮೂವರಲ್ಲೊಬ್ಬನು ತನ್ನ ತಲೆಯನ್ನು ತಟ್ಟಿ ತೀರ್ಪಿನ ಮೇಲೆ ಆಕ್ಷೇಪವೆತ್ತಬಹುದು. ಆಗ ಯಂತ್ರವು ದಾಂಡಿಗನ ಎತ್ತರದ ನೂರಕ್ಕೆ 27ರಿಂದ 53.5ರವರೆಗೆ ಚೌಕಟ್ಟು ಕಟ್ಟಿ ಉತ್ತರ ಹೇಳುತ್ತದೆ. ಬಗ್ಗಿ ನಿಂತು ಅದನ್ನು ಕುಗ್ಗಿಸುವ ಉಪಾಯವು ಅದರ ಮುಂದೆ ನಡೆಯದು. ತಂಡವೊಂದು ಎರಡು ಬಾರಿ ತಪ್ಪಾಗಿ ಆಕ್ಷೇಪಿಸಿದರೆ ಆ ಹಕ್ಕು ಮುಗಿಯಿತು. ಮಿಕ್ಕ ಚೆಂಡುಗಳಿಗೆಲ್ಲ ಹಿಂದೆ ಬಗ್ಗಿ ನಿಂತ ಆ ತೀರ್ಪುಗಾರನ ಕಣ್ಣೇ ಈಗಲೂ ಪ್ರಮಾಣ.